ಬೆಳೆ ಪರಿಹಾರ, ಬೆಳೆ ವಿಮೆ: ಯಾವುದನ್ನು ನಂಬಬೇಕು?

ಸರ್ಕಾರ ಕೊಡುವ ಬೆಳೆ ಪರಿಹಾರಕ್ಕೆ ಕಂತಿಲ್ಲ. ಫಸಲ್ ಬಿಮಾ ಯೋಜನೆಯ ಬೆಳೆ ವಿಮೆಗೆ ರೈತರ ಪಾಲು ಮುಂಗಾರಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟದ ಬೆಳೆಗೆ ಶೇ. 5.

ಪರಿಹಾರ ಸಿಗುವುದು ಶೇ. 33 ಅಥವಾ ಅದಕ್ಕೂ ಹೆಚ್ಚು ಹಾನಿಯಾದರೆ. 2022ರಿಂದ 2026ರವರೆಗಿನ ಕೇಂದ್ರದ ಮಾನದಂಡದಲ್ಲಿ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಮಿತಿ 2 ಹೆಕ್ಟೇರ್. ಅಂದರೆ ಹತ್ತು ಎಕರೆ ಒಣಭೂಮಿ ಪೂರ್ತಿ ಹಾಳಾದರೂ ಈ ದರದಲ್ಲಿ 17,000 ದಾಟದು. ಬಿತ್ತನೆ ಬೀಜ, ಗೊಬ್ಬರದ ಖರ್ಚೂ ಇದರಲ್ಲಿ ಹುಟ್ಟುವುದು ಕಷ್ಟ.

ವಿಮೆಯಲ್ಲಿ ಮೊತ್ತ ದೊಡ್ಡದು. ಆದರೆ ಲೆಕ್ಕ ನಿಮ್ಮ ಹೊಲದ್ದಲ್ಲ, ಗ್ರಾಮ ಪಂಚಾಯಿತಿ ಅಥವಾ ಹೋಬಳಿಯ ಬೆಳೆ ಕಟಾವು ಪ್ರಯೋಗದ (ಆಯ್ದ ಹೊಲಗಳಲ್ಲಿ ಕೊಯ್ದು ಇಳುವರಿ ಅಳೆಯುವುದು) ಸರಾಸರಿಯದ್ದು. ಊರಿನ ಇಳುವರಿ ಚೆನ್ನಾಗಿದ್ದು ನಿಮ್ಮದಷ್ಟೇ ಹೋದರೆ ಬರಿಗೈ. ಆಲಿಕಲ್ಲು, ಭೂಕುಸಿತದಂಥ ಸ್ಥಳೀಯ ಹಾನಿಗೆ ಹೊಲವಾರು ಸಮೀಕ್ಷೆ ಉಂಟು. ಅದಕ್ಕೆ 72 ಗಂಟೆಯೊಳಗೆ ದೂರು ಕೊಡಬೇಕು. ಸಹಾಯವಾಣಿ 14447. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಹಣ ತಪ್ಪುವುದು ಹೆಚ್ಚಾಗಿ ದಾಖಲೆಯಲ್ಲಿ. ಪಹಣಿ ತೀರಿಕೊಂಡ ತಂದೆಯ ಹೆಸರಲ್ಲಿದ್ದರೆ ಮೊದಲು ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸಿ. ಎಲ್ಲ ಸರ್ವೆ ನಂಬರುಗಳೂ ಫ್ರೂಟ್ಸ್ ಐಡಿಗೆ (ರಾಜ್ಯ ಸರ್ಕಾರದ ರೈತ ನೋಂದಣಿ ಸಂಖ್ಯೆ) ಸೇರಿರಲಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿ. ವಿಮೆ ಕಟ್ಟಿದ್ದು ತೊಗರಿಗೆ, ಬೆಳೆ ಸಮೀಕ್ಷೆಯಲ್ಲಿ ದಾಖಲಾದದ್ದು ಹತ್ತಿ ಎಂದಾದರೆ ಅರ್ಜಿ ತಿರಸ್ಕಾರವಾಗುತ್ತದೆ.

ಮಳೆಯಾಶ್ರಿತ ರೈತರು ವಿಮೆ ಕಟ್ಟುವುದೇ ಮೇಲು. ವಿಮೆ ಮಾಡಿಸಿದವರಿಗೆ ಪರಿಹಾರವಿಲ್ಲ ಎಂಬ ಮಾತು ಸುಳ್ಳು.