ಕಾಸರಗೋಡಿನಲ್ಲಿ ಒಂದನೇ ಕ್ಲಾಸು: ಅನುದಾನಿತ ಕನ್ನಡ ಶಾಲೆಯೋ, ಖಾಸಗಿ ಸಿಬಿಎಸ್‌ಇಯೋ?

ಮಗಳನ್ನು ಎಲ್ಲಿ ಸೇರಿಸಲಿ ಎಂದು ಕೇಳಿದ್ದೀರಿ. ಮೊದಲು ಖರ್ಚು. ಅನುದಾನಿತ ಶಾಲೆಯ ಟೀಚರುಗಳ ಸಂಬಳ ಕೇರಳ ಸರ್ಕಾರದ್ದು. ಎಂಟನೇ ಕ್ಲಾಸಿನವರೆಗೆ ಫೀಸಿಲ್ಲ, ಮಧ್ಯಾಹ್ನದ ಊಟವೂ ಉಂಟು. ಖಾಸಗಿಯಲ್ಲಿ ಫೀಸು, ಬಸ್ಸು, ಪುಸ್ತಕ ಎಲ್ಲವೂ ನಿಮ್ಮ ಜೇಬಿನಿಂದಲೇ.

ಸರ್ಕಾರದ ದುಡ್ಡು ಪೋಷಕರ ಕೈಗೇ ಬರುವ ವೌಚರ್ ಪದ್ಧತಿ ಇಲ್ಲಿಲ್ಲ. ಆದರೆ ಅನುದಾನಿತ ಶಾಲೆಯಲ್ಲಿ ಮಕ್ಕಳು ಕಡಿಮೆಯಾದರೆ ಟೀಚರ್ ಹುದ್ದೆಯೂ ಹೋಗುತ್ತದೆ. ಒಂದು ಲೆಕ್ಕದಲ್ಲಿ ದುಡ್ಡು ಮಗುವಿನ ಹಿಂದೆಯೇ ಹೋಯಿತು, ಅಲ್ವಾ? ಹಾಗಾಗಿ ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದಾರೆ, ಟೀಚರಿಗೆ ಕನ್ನಡ ಬರುತ್ತದಾ ಎಂದು ಮೊದಲೇ ವಿಚಾರಿಸಿ. ಕನ್ನಡ ಬಾರದವರ ನೇಮಕದ ತಕರಾರು ಇಲ್ಲಿ ಹೊಸದಲ್ಲ.

ಎಸ್ಸೆಸ್ಸೆಲ್ಸಿಯನ್ನೂ ಕನ್ನಡದಲ್ಲೇ ಬರೆಸುವ ಆಸೆಯಿದ್ದರೆ ಅನುದಾನಿತ ಶಾಲೆ. ವರ್ಗಾವಣೆಯ ಕೆಲಸವಾದರೆ ಸಿಬಿಎಸ್‌ಇ ಅನುಕೂಲ, ಊರು ಬದಲಾದರೂ ಬೋರ್ಡು ಅದೇ.