ಸೊಂಗ್‌ಕ್ರಾನ್ ನೀರಾಟ: ಬ್ಯಾಂಕಾಕಾ, ಚಿಯಾಂಗ್ ಮಾಯಾ?

ಏಪ್ರಿಲ್ 13ರಿಂದ 15ರವರೆಗೆ ಥಾಯ್ ಹೊಸ ವರ್ಷ, ಬೀದಿಯಲ್ಲಿ ಒಬ್ಬರಿಗೊಬ್ಬರು ನೀರೆರಚುವ ಹಬ್ಬ. ಸೊಂಗ್‌ಕ್ರಾನ್ ಅಂದರೆ ನಮ್ಮ ಸಂಕ್ರಾಂತಿ ಅನ್ನೋ ಪದವೇ. ತುಳುನಾಡಿನ ಬಿಸು ಕೂಡ ಇದೇ ಹೊತ್ತಿಗೆ ಬರುತ್ತದೆ, ಅಲ್ವಾ?

ಒಂದೇ ದಿನ ಬಿಡುವಿದ್ದರೆ ಬ್ಯಾಂಕಾಕ್ ಸಾಕು. ನೀರಾಟ ನಡೆಯುವ ಸೀಲೋಮ್ ರಸ್ತೆಗೆ ರೈಲಲ್ಲೇ ಹೋಗಬಹುದು. ಖಾವೋ ಸಾನ್ ರಸ್ತೆಯಲ್ಲಿ ವಿದೇಶಿಯರೇ ಜಾಸ್ತಿ: ಬಿಯರ್, ಸದ್ದು, ನೂಕುನುಗ್ಗಲು. ಹುಡುಗರ ಗುಂಪಿಗೆ ಸರಿ.

ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಬೇರೆಯೇ. ಹಳೇ ಊರಿನ ಸುತ್ತ ಚೌಕಾಕಾರದ ಕಂದಕ. ಜನ ಹಗ್ಗ ಕಟ್ಟಿದ ಬಕೆಟ್ ಇಳಿಸಿ ಅಲ್ಲಿಂದಲೇ ನೀರು ಸೇದುತ್ತಾರೆ. ಪಿಕಪ್ ಗಾಡಿಯ ಡ್ರಮ್ಮಿನಲ್ಲಿ ಐಸ್ ಗಡ್ಡೆ ತೇಲುತ್ತಿರುತ್ತದೆ. ಆ ನೀರು ಬೆನ್ನಿಗೆ ಬಿದ್ದರೆ ಉಸಿರೇ ಸಿಕ್ಕಿಕೊಳ್ಳುತ್ತದೆ! 13ರಂದು ಫ್ರಾ ಸಿಂಗ್ ಬುದ್ಧಮೂರ್ತಿಯ ಮೆರವಣಿಗೆ. ಅದಕ್ಕೆ ಹೂವಿನ ಪರಿಮಳದ ನೀರನ್ನು ಮೆಲ್ಲಗೆ ಚಿಮುಕಿಸುತ್ತಾರೆ. ಇನ್ನು ಕೆಲವರು ದೇವಸ್ಥಾನಕ್ಕೆ ಮರಳು ತಂದು ಪುಟ್ಟ ಸ್ತೂಪ ಕಟ್ಟುತ್ತಾರೆ. ಇದನ್ನೆಲ್ಲ ನೋಡದೆ ಸುಮ್ನೆ ಪಿಚಕಾರಿ ಹಿಡಿದು ಓಡಾಡಿದರೆ ಅರ್ಧ ಹಬ್ಬ ತಪ್ಪಿದಂತೆ.

ಒಂದು ಕೊರತೆ ಇದೆ. ಉತ್ತರದಲ್ಲಿ ಆ ತಿಂಗಳು ಕಾಡು, ಹೊಲ ಸುಡುವ ಹೊಗೆ. ಉಬ್ಬಸ ಇದ್ದವರಿಗೆ ಬ್ಯಾಂಕಾಕೇ ವಾಸಿ. ಉಳಿದವರಿಗೆ, ಅಪ್ಪ-ಅಮ್ಮ ಜೊತೆಗಿದ್ದರಂತೂ, ನನ್ನ ಮತ ಚಿಯಾಂಗ್ ಮಾಯ್‌ಗೆ. ಎಲ್ಲಿಗೆ ಹೋದರೂ ಫೋನಿಗೆ ಪ್ಲಾಸ್ಟಿಕ್ ಚೀಲ ಇರಲಿ. ಭಿಕ್ಷುಗಳ ಮೇಲೆ ನೀರು ಎರಚಬೇಡಿ.