ಕಿವಿಯ ಗಲೀಜನ್ನ ಸ್ಲೈಡಿಗೆ ಹಾಕಿ ನಮಗೇ ತೋರ್ಸಿದ ಕ್ಲಿನಿಕ್

ಬಳ್ಳಾರಿಯಾಗ ನಾಯಿ ಸಾಕಿರೋರು ಈ ಕ್ಲಿನಿಕ್ಕಿಗೆ ಒಮ್ಮೆ ಹೋಗ್ರಿ ಅಂತ ಬರೀತಿದೀನಿ. ನಮ್ದು ಲ್ಯಾಬ್ರಡಾರ್ ನಾಯಿ, ಹೆಸ್ರು ರಾಜಾ, ತುಂಗಭದ್ರಾದ ಎಚ್‌ಎಲ್‌ಸಿ ಕಾಲುವೆಗೆ ನೀರು ಬಿಟ್ಟಾಗಿಂದ ದಿನಾ ಈಜೋದೇ ಈಜೋದು, ಆಮೇಲೆ ಎರಡೂ ಕಿವಿ ಕೆರ್ಕೊಂಡು ಕೆರ್ಕೊಂಡು ರಕ್ತ ಬರೋಹಂಗ ಮಾಡ್ಕೊಂಡ, ಹತ್ರ ಹೋದ್ರೆ ಹಳಸಿದ ಹಿಟ್ಟಿನ ವಾಸ್ನೆ. ಮೊದ್ಲು ಬೇರೆ ಒಂದ್ ಕಡೆ ತೋರ್ಸಿದ್ವಿ, ಅಲ್ಲಿ ಕಿವಿ ಒಳಗ ಇಣುಕಿ ಸಹ ನೋಡ್ಲಿಲ್ಲ, ಒಂದ್ ಇಂಜೆಕ್ಷನ್, 5 ದಿನಕ್ಕೆ ಆಂಟಿಬಯೋಟಿಕ್ ಮಾತ್ರೆ, ಅಷ್ಟೆ. ಒಂದೆರಡು ದಿನ ಕಡಿಮಿ ಆದಂಗಾಗಿ ಮತ್ತ ಶುರು. ಎರಡನೇ ಸಲ ನಾನೇ ಹಳೇ ಚೀಟಿ ಹಿಡ್ಕೊಂಡು ಮೆಡಿಕಲ್ ಶಾಪಿಂದ ಅದೇ ಮಾತ್ರೆ ತಂದು ಹಾಕ್ದೆ, ಅದು ನಂದೇ ತಪ್ಪು.

ಈ ಕ್ಲಿನಿಕ್ಕಿನ ಡಾಕ್ಟರ್ ಮೇಡಮ್ ಲೈಟಿರೋ ಸಣ್ಣ ಕೊಳವೆಯಿಂದ ಮೊದ್ಲು ಕಿವಿ ತಮಟೆ ಹರಿದಿಲ್ಲ ಅಂತ ಖಾತ್ರಿ ಮಾಡ್ಕೊಂಡ್ರು. ಆಮೇಲೆ ಹತ್ತಿ ಕಡ್ಡಿ ಒಳಗ ತಿರುಗ್ಸಿ ಗಾಜಿನ ಮೇಲೆ ಉರುಳಿಸಿ, ಬಣ್ಣದಾಗ ಅದ್ದಿ ತೊಳ್ದು ಮೈಕ್ರೋಸ್ಕೋಪಿಗೆ ಇಟ್ಟು "ನೀವೂ ನೋಡ್ ಬರ್ರಿ" ಅಂದ್ರು. ನೇರಳೆ ಬಣ್ಣದ ಸಣ್ಣ ಸಣ್ಣ ಶೇಂಗಾ ಕಾಯಿ ಸುರುವಿದಂಗ ಕಾಣ್ತಿತ್ತು! ಮಲಸೀಜಿಯಾ ಅನ್ನೋ ಯೀಸ್ಟ್ ಅದು, ಅಂದ್ರ ಒಂಥರಾ ಫಂಗಸ್, ಬ್ಯಾಕ್ಟೀರಿಯಾ ಅಲ್ಲ, ಅದಕ್ಕ ಆಂಟಿಬಯೋಟಿಕ್ ನಾಟೋದೇ ಇಲ್ಲ. ಅಂದ್ರ ನಾವು ಎರಡು ಕೋರ್ಸ್ ಹಾಕಿದ್ದು ರೋಗಕ್ಕಲ್ಲ, ಪಾಪ ರಾಜಾನ ಮೈಯಾಗಿದ್ದ ಬೇರೆ ಬ್ಯಾಕ್ಟೀರಿಯಾಗಳಿಗೆ ಆ ಔಷಧಿ ತಡ್ಕೊಳ್ಳೋದು ಕಲಿಸಿದಂಗಾತು. ಮನುಷ್ಯರಿಗೆ ಕೊಡೋದೂ ಅಂಥವೇ ಔಷಧಿಗಳು, ನನ್ ಮಗಳು ರಾಜಾನ್ನ ತಬ್ಕೊಂಡೇ ಮಲಗ್ತಾಳ, ಆ ಬ್ಯಾಕ್ಟೀರಿಯಾ ಅಕಿಗೂ ದಾಟಬಹುದಲ್ಲ, ಇದು ಕೇಳಿದ ಮೇಲೆ ನಿಜವಾಗ್ಲೂ ಹೆದ್ರಿಕೆ ಆತು.

ಕೊಟ್ಟಿದ್ದು ಕಿವಿ ತೊಳೆಯೋ ದ್ರಾವಣ, ಫಂಗಸ್ ಡ್ರಾಪ್ಸ್, ಈಜಿದ ಮೇಲೆ ಕಿವಿ ಒಣಗಿಸ್ರಿ ಅನ್ನೋ ಮಾತು. 2 ವಾರಕ್ಕ ಮತ್ತ ಕರೆಸಿ ಇನ್ನೊಂದ್ ಸ್ಲೈಡ್ ನೋಡಿದ್ರು, ಕ್ಲೀನ್. ಮತ್ತ ಮತ್ತ ಬಂದ್ರ ಒಳಗ ಅಲರ್ಜಿ ಐತೇನೋ ಹುಡುಕ್ಬೇಕು ಅಂದಾರ.

ಹಂಗಂತ ಮೇಡಮ್ ಆಂಟಿಬಯೋಟಿಕ್ ಕೊಡೋದೇ ಇಲ್ಲ ಅಂತಲ್ಲ, ನಮ್ ಪಕ್ಕದ ಮನಿ ನಾಯಿಗೆ ಉಣ್ಣಿ ಜ್ವರ, ರಕ್ತ ಪರೀಕ್ಷೆಯಾಗ ಪ್ಲೇಟ್‌ಲೆಟ್ ಇಳಿದಿದ್ವು, ಎರ್ಲಿಕಿಯಾ ಅನ್ನೋ ಬ್ಯಾಕ್ಟೀರಿಯಾ ಅಂತ ಗೊತ್ತಾದ ಮೇಲೆ ಪೂರ್ತಿ 28 ದಿನ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಹಾಕ್ಸಿದ್ರು, ಹುಷಾರಾತು ಅಂತ ನಡುವೆ ಬಿಡೋಹಂಗಿಲ್ಲ ಅಂತ ಫೋನ್ ಮಾಡಿ ಹೇಳೋರು.

ತೊಂದ್ರೆ ಅಂದ್ರ ಕಾಯೋದು, ಸಂಜಿ ಒಂದ್ ತಾಸು ಗ್ಯಾರಂಟಿ, ಕೂರಾಕ ಜಾಗಾನೂ ಕಡಿಮಿ. ಕಿವಿ ತೋರ್ಸೋರು ಮನ್ಯಾಗ ಒರ್ಸಿ ಕರ್ಕೊಂಡ್ ಹೋಗ್ಬೇಡ್ರಿ, ಸ್ಲೈಡಿಗೆ ಆ ಗಲೀಜೇ ಬೇಕು, ಮೊದ್ಲು ಹಾಕಿದ ಮಾತ್ರೆ ಚೀಟಿ ಇದ್ರ ಅದನ್ನೂ ತಗೊಂಡ್ ಹೋಗ್ರಿ.